ಗಿಲಾವದ ಒಳಗಿನ ಕೆಲಸ

ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಮಿನಾರುಗಳನ್ನು ನೋಡುತ್ತಾರೆ, ಗೋಡೆಯ ಮೇಲಿನ ಅಕ್ಷರಗಳ ಕೆತ್ತನೆ ನೋಡುತ್ತಾರೆ, ಕಲ್ಲಿನ ಜಾಲಂದ್ರಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಇನ್ನೊಮ್ಮೆ ಹೋದಾಗ ಸಮಾಧಿಗಳಿರುವ ಒಳಕೋಣೆಯಲ್ಲಿ ನಿಂತು ಕತ್ತೆತ್ತಿ ನೋಡಿ. ಚಾವಣಿಯ ನಡುಭಾಗ ಪೂರ್ತಿ ಚಪ್ಪಟೆಯಾಗಿದೆ. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಕಲ್ಲಿಗೆ ಕಲ್ಲು ತಾಗಿಸಿ ಜೋಡಿಸಿದ ಆ ಹಾಸು ಸುಮಾರು ನಾಲ್ಕು ನೂರು ವರ್ಷಗಳಿಂದ ಹಾಗೇ ನಿಂತಿದೆ. ಕಲ್ಲಿನ ಸಂದಿಯಲ್ಲಿ ಕೂತಿರುವ ಗಚ್ಚು ಅದನ್ನು ಹಿಡಿದುಕೊಂಡಿದೆ. ಆ ಗಚ್ಚನ್ನು ಯಾರು ಅರೆದರು, ಸುಣ್ಣವನ್ನು ಎಷ್ಟು ದಿನ ಕೊಳೆಯಿಟ್ಟರು, ಕಲ್ಲಿನ ಅಂಚನ್ನು ಎಷ್ಟು ಸಲ ಉಜ್ಜಿ ಹೊಂದಿಸಿದರು ಎಂಬುದು ನಮಗೆ ಕಾಣುವುದಿಲ್ಲ. ಕಟ್ಟಿಸಿದ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಕಟ್ಟಿದವರಲ್ಲಿ ಮಲಿಕ್ ಸಂದಲ್ ಎಂಬ ಒಬ್ಬರ ಹೆಸರು ಮಾತ್ರ ಅಲ್ಲಿಯ ಶಾಸನದಲ್ಲಿ ಉಳಿದಿದೆ.

ಕಟ್ಟಡ ಕೆಲಸದಲ್ಲಿ ಹೆಚ್ಚಿನ ಕಸಬುಗಾರಿಕೆ ಮುಚ್ಚಿಹೋಗುವ ಜಾಗದಲ್ಲೇ ಇರುತ್ತದೆ. ಪಾಯಾ ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ, ಕಬ್ಬಿಣ ಕಾಂಕ್ರೀಟಿನಲ್ಲಿ, ವೈರು ಮತ್ತು ನೀರಿನ ಪೈಪು ಗೋಡೆಯಲ್ಲಿ, ಗೋಡೆ ಗಿಲಾವದಲ್ಲಿ, ಗಿಲಾವ ಬಣ್ಣದಲ್ಲಿ. ಮನೆ ಕಟ್ಟಿಸುವ ನಾವು ಕಾಣುವುದಕ್ಕೆ ಹಣ ಸುರಿಯುತ್ತೇವೆ, ಕಾಣದ್ದಕ್ಕೆ ಚೌಕಾಸಿ ಮಾಡುತ್ತೇವೆ. ಹೀಗೆ ಮಾಡಿ ಮನೆಯನ್ನೂ ಕೆಡಿಸುತ್ತೇವೆ, ಕಸಬನ್ನೂ ಕೆಡಿಸುತ್ತೇವೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರದ ಸೀಮೆಯನ್ನೇ ಕಣ್ಣ ಮುಂದಿಟ್ಟುಕೊಂಡು ಇವತ್ತು ಈ ಮಾತು ಹೇಳಬೇಕೆಂದಿದ್ದೇನೆ. ಹಳೆಯ ಕಾಲದ ಅತಿ ದೊಡ್ಡ ಕೆಲಸ, ಈಗಿನ ಅತಿ ಅವಸರದ ಕೆಲಸ ಎರಡೂ ಅಕ್ಕಪಕ್ಕದಲ್ಲೇ ಕಾಣುವ ಊರುಗಳು ಇವು.

ಮೊದಲು ಗಚ್ಚಿನ ವಿಷಯ. ನಮ್ಮ ಕರಿಮಣ್ಣಿನ ಎರಿ ಹೊಲಗಳಲ್ಲಿ ಬಿಳಿಯ ಸುಣ್ಣದ ಹರಳುಗಳು ಸಿಗುತ್ತವೆ, ನೇಗಿಲಿಗೆ ತಾಗಿ ಮೇಲೆ ಬರುತ್ತವೆ. ಇಂಥ ಸುಣ್ಣಕಲ್ಲನ್ನು ಆರಿಸಿ ತಂದು ಭಟ್ಟಿಯಲ್ಲಿ ಸುಡಬೇಕು. ಉರಿ ಒಂಬೈನೂರು ಡಿಗ್ರಿಯ ಆಸುಪಾಸು ಮುಟ್ಟಿದಾಗ ಕಲ್ಲಿನೊಳಗಿನ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ತಕ್ಷಣ ಬಳಸಬಾರದು, ನೀರಿನಡಿ ವಾರಗಟ್ಟಲೆ ಇಡಬೇಕು. ಆಮೇಲೆ ಉಸುಕು ಸೇರಿಸಿ ಗಾಣಕ್ಕೆ ಹಾಕಬೇಕು. ದುಂಡಗಿನ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಗಾಲಿ, ಅದನ್ನು ಎಳೆಯುವ ಎತ್ತು. ಅರೆದಷ್ಟೂ ಗಚ್ಚು ಜಿಗುಟಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ, ಬಿಲ್ವದ ಕಾಯಿಯ ತಿರುಳು ಸೇರಿಸುವ ಪದ್ಧತಿಯನ್ನು ಹಳೆಯ ಸ್ಮಾರಕಗಳ ದುರಸ್ತಿಯಲ್ಲಿ ಈಗಲೂ ಪಾಲಿಸುತ್ತಾರೆ.

ಸಿಮೆಂಟು ಗಂಟೆಗಳಲ್ಲಿ ಬಿಗಿಯುತ್ತದೆ. ಸುಣ್ಣ ಗಾಳಿಯಲ್ಲಿಯ ಇಂಗಾಲದ ಅನಿಲವನ್ನು ನಿಧಾನವಾಗಿ ಹೀರಿಕೊಂಡು ವರ್ಷಗಟ್ಟಲೆ ಕಲ್ಲಾಗುತ್ತಾ ಹೋಗುತ್ತದೆ. ಹಾಗಾಗಿ ಗಚ್ಚಿನ ಕೆಲಸ ಮಾಡುವವನಿಗೆ ಕಾಯುವ ತಾಳ್ಮೆ ಬೇಕು, ಕಟ್ಟಿಸುವವನಿಗೆ ಅದಕ್ಕಿಂತ ಹೆಚ್ಚು ಬೇಕು. ವಿಜಯಪುರದ ಕಟ್ಟಡಗಳನ್ನು ಅಳೆದು, ನಕ್ಷೆ ತೆಗೆದು, 1916ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಇಲ್ಲಿಯ ಗಚ್ಚಿನ ಗಟ್ಟಿತನವನ್ನು ವಿಶೇಷವಾಗಿ ಗುರುತಿಸಿದವರು.

ಗೋಳಗುಮ್ಮಟದಲ್ಲಿ ಆ ಗಟ್ಟಿತನದ ಪರೀಕ್ಷೆಯೇ ನಡೆದಿದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಸಮಾಧಿ ಅದು. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್, ನಡುವೆ ಒಂದೂ ಕಂಬವಿಲ್ಲ. ಅಲ್ಲಿ ಎಲ್ಲರೂ ಪಿಸುಮಾತಿನ ಗ್ಯಾಲರಿಗೆ ಹತ್ತಿ ಕೂಗಿ ಇಳಿದುಬಿಡುತ್ತಾರೆ. ಗೌಂಡಿಯ ಕಣ್ಣಿನಿಂದ ನೋಡುವವರು ಗ್ಯಾಲರಿಗೆ ಹತ್ತುವ ಮೊದಲು ಕೆಳಗೆ ನಿಂತು ಕಮಾನುಗಳನ್ನು ನೋಡಬೇಕು. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಹಾಯುತ್ತವೆ. ಕೆಳಗಿನ ಚೌಕ ಮೇಲೆ ಹೋಗುತ್ತಾ ದುಂಡಾಗುವುದು ಆ ಕತ್ತರಿಯಲ್ಲಿಯೇ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಕಮಾನುಗಳ ನಡುವೆ ಒಳಕ್ಕೆ ಚಾಚಿಕೊಂಡ ಕಟ್ಟಡದ ಭಾರ ಅದಕ್ಕೆ ಎದುರಾಗಿ ಒಳಕ್ಕೆ ಜಗ್ಗುತ್ತದೆ. ಎರಡೂ ಸರಿದೂಗುವ ಹಾಗೆ ಕಟ್ಟಿದ್ದಾರೆ. ಗುಮ್ಮಟವಂತೂ ಇಟ್ಟಿಗೆಯ ವರಸೆಯ ಮೇಲೆ ವರಸೆ, ನಡುವೆ ಗಚ್ಚು, ಸುಮಾರು ಮೂರು ಮೀಟರ್ ದಪ್ಪ. ಒಂದು ವರಸೆ ಬಿಗಿಯುವ ತನಕ ಮುಂದಿನದನ್ನು ಇಡುವಂತಿಲ್ಲ. ದಾಬೂಲದ ಯಾಕೂತ್ ಇದರ ಶಿಲ್ಪಿ ಎಂಬ ಹೇಳಿಕೆ ಇದೆ. ಆದರೆ ಆ ಎತ್ತರಕ್ಕೆ ಇಟ್ಟಿಗೆ ಹೊತ್ತವರು, ಸಾರವೆ ಕಟ್ಟಿದವರು, ದಿನವೂ ದಾರ ಹಿಡಿದು ದುಂಡು ತಪ್ಪದಂತೆ ನೋಡಿಕೊಂಡವರು ನೂರಾರು ಜನ ಇದ್ದಿರಲೇಬೇಕು.

ಮೆಹತರ್ ಮಹಲಿನ ಮುಂದೆ ಹಾದುಹೋಗುವವರು ಅದರ ಕಲ್ಲಿನ ಬಾಲ್ಕನಿಯ ಕೆಳಗಿನ ಆಸರೆಗಳನ್ನೂ ನೋಡಬೇಕು. ಬಡಿಗೇರರು ಕಟ್ಟಿಗೆಯಲ್ಲಿ ಮಾಡುವ ನಾಜೂಕು ಕೆತ್ತನೆಯನ್ನು ಕಲ್ಲುಕುಟಿಗರು ಕಲ್ಲಿನಲ್ಲಿ ಮಾಡಿದ್ದಾರೆ. ಒಂದು ಕಸಬಿನವರು ಇನ್ನೊಂದು ಕಸಬಿನವರಿಂದ ಕಲಿತದ್ದರ ಗುರುತು ಅದು. ಅಸರ್ ಮಹಲಿನಲ್ಲಿ ಸಾಗವಾನಿಯ ಭಾರೀ ಕಂಬಗಳು ಇನ್ನೂ ನಿಂತಿವೆ.

ಅರಸರ ಕಟ್ಟಡಗಳಿಂದ ಹಳ್ಳಿಯ ಮನೆಗೆ ಬರೋಣ. ಬಬಲೇಶ್ವರ, ಸಾರವಾಡ, ಕಾಖಂಡಕಿ, ತಿಕೋಟಾ, ಹೊನವಾಡ, ಯಾವ ಊರಿನ ಹಳೆಯ ಓಣಿಗೆ ಹೋದರೂ ಒಂದೇ ನಮೂನೆಯ ಮನೆ. ಎರಡು, ಎರಡೂವರೆ ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಒಳಗೆ ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಸೀಳಿದ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಎಲ್ಲಕ್ಕೂ ಮೇಲೆ ಮಣ್ಣು. ಕೊನೆಯ ಪದರಕ್ಕೆ ಹಾಳೂರಿನ ದಿನ್ನೆಯಿಂದ ತಂದ ಬಿಳಿಯ ಹಾಳಮಣ್ಣು. ತೊಯ್ದು ಕೂತರೆ ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಬಾಗಿಲು ತೊಲೆ ಬಡಿಗೇರರದು, ಚಿಲಕ ಮೊಳೆ ಕಂಬಾರರದು, ಕಲ್ಲು ಒಡೆಯುವುದು ವಡ್ಡರದು. ಹಣದ ಲೆಕ್ಕಕ್ಕಿಂತ ಸುಗ್ಗಿಯಲ್ಲಿ ಕೊಡುವ ಆಯದ ಕಾಳಿನ ಲೆಕ್ಕವೇ ಹೆಚ್ಚು ನಡೆಯುತ್ತಿತ್ತು. ಬೇಸಿಗೆಯ ನಡುಮಧ್ಯಾಹ್ನ ಆ ಪಡಸಾಲೆಯಲ್ಲಿ ಮಲಗಿದವರಿಗೆ ಅದರ ತಂಪು ಗೊತ್ತು. ಈಗಿನ ಆರಿಂಚು ಗೋಡೆಯ ಸ್ಲ್ಯಾಬಿನ ಮನೆಗೆ ಆ ತಂಪು ಬರುವುದಿಲ್ಲ.

ಆದರೆ ಆ ಮನೆಯ ದೋಷವನ್ನೂ ಹೇಳಬೇಕು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಇನ್ನೊಂದು ಪದರ ಮಣ್ಣು ಹಾಕುತ್ತಾ ಹೋದರೆ ತಲೆಯ ಮೇಲೆ ಭಾರ ಬೆಳೆಯುತ್ತಾ ಹೋಗುತ್ತದೆ. ಕಲ್ಲಿನ ಗೋಡೆಗೆ ಹೊರಮುಖ ಬೇರೆ, ಒಳಮುಖ ಬೇರೆ, ನಡುವೆ ಚೂರುಕಲ್ಲು ಮತ್ತು ಮಣ್ಣು ತುಂಬಿರುತ್ತದೆ. ಎರಡೂ ಮುಖಗಳನ್ನು ಹಿಡಿಯುವಂತೆ ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಉದ್ದಕಲ್ಲು ಇಡಬೇಕು. ಉದ್ದಕಲ್ಲು ಹುಡುಕುವುದು ಕಷ್ಟ, ಕೂಡಿಸುವುದು ಕಷ್ಟ, ಇಟ್ಟದ್ದು ಯಾರಿಗೂ ಕಾಣುವುದಿಲ್ಲ. ಬಿಟ್ಟರೂ ಕಾಣುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಲಾತೂರ್ ಸೀಮೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಇದೇ ನಮೂನೆಯ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಸುಮಾರು ಹತ್ತು ಸಾವಿರ ಜನ ಹೋದರು. ಅಲ್ಲಿಯ ಅವಶೇಷಗಳನ್ನು ಪರೀಕ್ಷಿಸಿದ ಎಂಜಿನಿಯರುಗಳು ಬೊಟ್ಟು ಮಾಡಿದ ಕಾರಣಗಳಲ್ಲಿ ಮಾಳಿಗೆಯ ಅತಿಭಾರ ಮತ್ತು ಗೋಡೆಯಲ್ಲಿ ಉದ್ದಕಲ್ಲು ಇಲ್ಲದಿರುವುದು ಮುಖ್ಯವಾದವು. ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲೂ ಸಣ್ಣ ಕಂಪನಗಳಾಗಿ, ಜನ ರಾತ್ರಿ ಮನೆಯ ಹೊರಗೆ ಕೂತದ್ದನ್ನು ನೀವು ಮರೆತಿರಲಾರಿರಿ. ಹಳೆಯ ಮನೆಯಲ್ಲಿ ವಾಸವಿರುವವರು ಮಾಳಿಗೆಯ ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸುವುದು, ತಿಳಿದ ಗೌಂಡಿಯಿಂದ ಗೋಡೆಯ ಉಬ್ಬು ನೋಡಿಸುವುದು ಈ ವರ್ಷವೇ ಆಗಬೇಕಾದ ಕೆಲಸ.

ಈಗ ಎರಿ ಭೂಮಿಯ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಸೀಮೆಯ ಗೌಂಡಿಗಳ ನಿಜವಾದ ಕಣ. ಡೋಣಿ ನದಿಯ ಎರಿ ಜೋಳಕ್ಕೆ ಹೆಸರಾದದ್ದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ಕಾಳಿಗೆ ತಾಯಿಯಾದ ಆ ಮಣ್ಣು ಗೋಡೆಗೆ ಹಗೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಗೋಡೆ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂರುತ್ತದೆ. ಎಲ್ಲ ಕಡೆಯೂ ಸಮನಾಗಿ ಏಳುವುದಿಲ್ಲ. ಬಚ್ಚಲ ನೀರು ಬೀಳುವ ಮೂಲೆ ಉಬ್ಬಿರುತ್ತದೆ, ಬಿಸಿಲು ಹೊಡೆಯುವ ಮೂಲೆ ಕುಗ್ಗಿರುತ್ತದೆ. ಬಾಗಿಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೊರಟ ಬಿರುಕು ಕಂಡರೆ ಬಹುಮಟ್ಟಿಗೆ ಎರಿಯದೇ ಕೆಲಸ.

ಬಬಲೇಶ್ವರದ ಬದಿಯ ಒಂದು ಹಳ್ಳಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ಮನೆಯ ಪಾಯಾ ತೆಗೆಸುತ್ತಿದ್ದಾಗ ನಾನು ಅಲ್ಲಿದ್ದೆ. ನಕ್ಷೆಯಲ್ಲಿ ಬರೆದ ಆಳ ಮುಗಿದಿತ್ತು. ಮನೆಯವರಿಗೆ ಕಲ್ಲು ತುಂಬಿಸುವ ಅವಸರ. ವಯಸ್ಸಾದ ಗೌಂಡಿ ಗುಂಡಿಗೆ ಇಳಿದರು. ತಳದ ಮಣ್ಣನ್ನು ಒಂದು ಹಿಡಿ ತೆಗೆದು, ತುಸು ಉಗುಳು ಹಚ್ಚಿ, ಎರಡೂ ಅಂಗೈ ನಡುವೆ ಹೊಸೆದರು. ಮಣ್ಣು ತುಂಡಾಗದೆ ಉದ್ದಕ್ಕೆ ಎಳೆಯಾಯಿತು. ಅದನ್ನು ಮೇಲಕ್ಕೆ ಹಿಡಿದು ತೋರಿಸಿದರು. "ಇನ್ನ ಎರಿ ಬಿಟ್ಟಿಲ್ರಿ ಅಣ್ಣಾರ. ಎಳಿ ಹರಿಬೇಕು, ಕೈಯಾಗ ಉದುರಬೇಕು, ಅಲ್ಲೀತನ ತೆಗೀಬೇಕ್ರಿ." ಮನೆಯವರು ಖರ್ಚಿನ ಮಾತೆತ್ತಿದರು. ಗೌಂಡಿ ದನಿ ಏರಿಸಲಿಲ್ಲ. "ನೆಲದ ಮ್ಯಾಲ ಏನ ತಪ್ಪಿದ್ರೂ ತಿದ್ದಾಕ ಬರ್ತೈತ್ರಿ. ನೆಲದಾಗಿಂದು ತಿದ್ದಬೇಕಂದ್ರ ಮನೀನ ಕೆಡವಬೇಕ್ರಿ," ಎಂದು ಮತ್ತೆ ಹಾರೆ ಕೊಟ್ಟರು. ಇನ್ನೂ ಆಳಕ್ಕೆ ಹೋದ ಮೇಲೆ ಹಾರೆಯ ಸದ್ದು ಬದಲಾಯಿತು. ಮೆತ್ತಗೆ ಹೂತುಕೊಳ್ಳುತ್ತಿದ್ದ ಹಾರೆ ಕಣಕಣ ಅಂದಿತು. ಗಟ್ಟಿ ನೆಲದ ಗರಸು ಹತ್ತಿತ್ತು.

ಅವರು ಮಾಡಿದ ಪರೀಕ್ಷೆಯನ್ನೇ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಹಲಗೆಯ ಮೇಲೆ ಮಾಡುತ್ತಾರೆ. ಮಣ್ಣನ್ನು ಮೂರು ಮಿಲಿಮೀಟರಿನ ಎಳೆಯಾಗಿ ಹೊಸೆದು ಎಲ್ಲಿ ತುಂಡಾಗುತ್ತದೆ ಎಂದು ನೋಡಿ ಅದರ ಜಿಗುಟುತನ ಅಳೆಯುತ್ತಾರೆ. ಗೌಂಡಿಯ ಅಂಗೈಯಲ್ಲಿ ಅದೇ ಜ್ಞಾನ ಇತ್ತು. ಅದಕ್ಕೆ ಅವರಿಗೆ ಬೇರೆ ಪಗಾರ ಇರಲಿಲ್ಲ.

ಗರಸು ಕೈಗೆಟುಕದಷ್ಟು ಆಳವಿದ್ದರೆ ಏನು ಮಾಡಬೇಕು? ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿಯೇ ಇದಕ್ಕೆ ದಾರಿ ಹುಡುಕಿತು. ನೆಲದಲ್ಲಿ ಸುಮಾರು ಮೂರೂವರೆ ಮೀಟರ್ ಆಳದ ಕೊಳವೆ ಕೊರೆದು, ಬುಡದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುವುದು. ಮೇಲಿನ ಮಣ್ಣು ಉಬ್ಬಿದರೂ ಕುಗ್ಗಿದರೂ ಬುಡದ ಅಗಲ ಮನೆಯನ್ನು ಹಿಡಿದಿರುತ್ತದೆ. ಕೊರೆಯುವ ಸಲಕರಣೆ ಕೈಯಿಂದ ತಿರುಗಿಸುವಂಥದ್ದೂ ಇದೆ. ಇಷ್ಟು ವರ್ಷವಾದರೂ ಈ ಪದ್ಧತಿ ನಮ್ಮ ಹಳ್ಳಿಯ ಗೌಂಡಿಗಳ ಕೈಗೆ ಬಂದಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ. ಕಲಿಯಲಾರದವರು ಅವರಲ್ಲ, ಕಲಿಸಲು ಯಾರೂ ಅವರ ಬಾಗಿಲಿಗೆ ಹೋಗಲಿಲ್ಲ. ಇಂಥ ಕೊಳವೆ ಪಾಯಾ ಆಗದಿದ್ದರೆ ಕಡೇಪಕ್ಷ ಇಷ್ಟು ಮಾಡಬಹುದು. ಪಾಯಾದ ಎರಡೂ ಬದಿ ತೆಗೆದ ಎರಿಯನ್ನೇ ಮರಳಿ ತುಂಬದೆ ಗರಸು ತುಂಬಬೇಕು. ನೆಲಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಬೀಮು ಹಾಯಿಸಬೇಕು. ಮನೆಯ ಸುತ್ತ ಮೂರು ಅಡಿ ಫರಸಿ ಹಾಸಿ, ಬಚ್ಚಲ ನೀರನ್ನು ಗೋಡೆಯಿಂದ ದೂರ ಒಯ್ಯಬೇಕು.

ಪಾಯಾದ ಮೇಲೆ ಕೆಲಸ ಹಲವು ಕೈಗೆ ಹಂಚಿಹೋಗುತ್ತದೆ. ಸೆಂಟ್ರಿಂಗ್ ನವರು ಹಲಗೆ, ತಗಡು, ಆಸರೆಗಂಬ ನಿಲ್ಲಿಸುತ್ತಾರೆ. ಬಾರ್ ಬೆಂಡಿಂಗ್ ನವರು ಕಬ್ಬಿಣ ಬಗ್ಗಿಸಿ ಬೈಂಡಿಂಗ್ ತಂತಿ ಸುತ್ತುತ್ತಾರೆ. ಈ ಹುಡುಗರ ಬೆರಳು ಎಷ್ಟು ಚುರುಕು ಎಂದರೆ ಒಂದು ಗಂಟು ಹಾಕಿದ್ದು ಕಣ್ಣಿಗೆ ಸಿಗುವುದರೊಳಗೆ ಮುಂದಿನ ಗಂಟು ಬಿದ್ದಿರುತ್ತದೆ. ಸ್ಲ್ಯಾಬಿನ ಕಬ್ಬಿಣದ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು, ಕಂಬದ ಕಬ್ಬಿಣದ ಸುತ್ತ 40. ಅದಕ್ಕಾಗಿ ಮೊದಲೇ ಎರಕ ಹೊಯ್ದು ನೀರಲ್ಲಿಟ್ಟ ಸಿಮೆಂಟಿನ ಬಿಲ್ಲೆಗಳನ್ನು ಕಬ್ಬಿಣದ ಕೆಳಗೆ ಕೊಡಬೇಕು. ಬಹಳ ಕಡೆ ಖಡಿಯ ಚೂರು ತೂರಿಸಿ ಮುಗಿಸುತ್ತಾರೆ. ಕಾಂಕ್ರೀಟ್ ಹಾಕುವಾಗ ಜನ ತುಳಿದಾಡಿದರೆ ಚೂರು ಜಾರಿ ಕಬ್ಬಿಣ ತಗಡಿಗೆ ಕೂರುತ್ತದೆ. ಹತ್ತು ಹದಿನೈದು ವರ್ಷಕ್ಕೆ ಅದೇ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಚಾವಣಿಯ ಸಿಮೆಂಟ್ ಹಾಳೆ ಉದುರುತ್ತದೆ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಮನೆಯವರು ಒಂದು ತಾಸು ಕೊಟ್ಟು ಈ ಬಿಲ್ಲೆಗಳನ್ನು ನೋಡಬೇಕು.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಒಂದು ಚೀಲ, ಅಂದರೆ 50 ಕಿಲೋ ಸಿಮೆಂಟಿಗೆ, ಮನೆಯ ಸ್ಲ್ಯಾಬಿನ ಸಾಮಾನ್ಯ ಕಾಂಕ್ರೀಟಿನಲ್ಲಿ, 30 ಲೀಟರಿನೊಳಗೇ ನೀರು ಸಾಕು. ಆದರೆ ತೆಳ್ಳಗಿದ್ದರೆ ಬುಟ್ಟಿಯಿಂದ ಸಲೀಸಾಗಿ ಸುರಿಯುತ್ತದೆ, ಬೇಗ ಹರಡುತ್ತದೆ. ದಣಿದವರು ಇನ್ನೊಂದು ಕೊಡ ಸುರಿಯುತ್ತಾರೆ. ಬುಟ್ಟಿ ಲೆಕ್ಕದಲ್ಲಿ, ಗುತ್ತಿಗೆ ಲೆಕ್ಕದಲ್ಲಿ ಅವಸರ ಮಾಡಿಸುವ ನಾವೇ ಆ ಕೊಡವನ್ನು ಅವರ ಕೈಗೆ ಕೊಟ್ಟ ಹಾಗಾಗುತ್ತದೆ.

ಕಲಸುವಾಗ ಬೇಡವಾದ ನೀರು ಬಿಗಿದ ಮೇಲೆ ಎಷ್ಟಿದ್ದರೂ ಸಾಲದು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ಒಣ ಸೆಕೆಯಲ್ಲಿ ಕಾಂಕ್ರೀಟನ್ನು ಕಡೇಪಕ್ಷ ಹತ್ತು ದಿನ ಹಸಿಯಾಗಿ ಇಡಬೇಕೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮವೇ ಹೇಳುತ್ತದೆ. ಸ್ಲ್ಯಾಬಿನ ಮೇಲೆ ಹೊಲದಲ್ಲಿ ಮಾಡುವಂತೆ ಮಡಿ ಕಟ್ಟಿ ನೀರು ನಿಲ್ಲಿಸಬೇಕು, ಕಂಬಗಳಿಗೆ ಗೋಣಿತಟ್ಟು ಸುತ್ತಿ ತೋಯಿಸುತ್ತಿರಬೇಕು. ಬೇಸಿಗೆಯಲ್ಲಿ ನಮ್ಮಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಟ್ಯಾಂಕರಿನ ಹಣ ಉಳಿಸಲು ನಾಲ್ಕನೇ ದಿನಕ್ಕೆ ನೀರು ನಿಲ್ಲಿಸಿದ ಮನೆಗಳು ನಗರದ ಹೊಸ ಬಡಾವಣೆಗಳಲ್ಲಿ ಎಷ್ಟೋ ಇವೆ. ಅದೇ ಮನೆಯ ಮುಂಬಾಗಿಲಿಗೆ ಕೆತ್ತನೆಯ ಸಾಗವಾನಿ ಬಂದಿರುತ್ತದೆ. ಆಸರೆಗಂಬ ಕೀಳುವ ವಿಷಯದಲ್ಲೂ ಹೀಗೇ. ಹಾಸು ನಾಲ್ಕೂವರೆ ಮೀಟರಿಗಿಂತ ಅಗಲವಿದ್ದರೆ 14 ದಿನ ಆಸರೆ ಇರಲೇಬೇಕು. ತಗಡನ್ನು ಬೇರೆ ಕೆಲಸಕ್ಕೆ ಒಯ್ಯುವ ಅವಸರಕ್ಕೆ ಅದಕ್ಕೂ ಮೊದಲೇ ಕೀಳುತ್ತಾರೆ.

ಫಿನಿಶಿಂಗ್ ಎಂದು ಎಲ್ಲರೂ ಕರೆಯುವ ಕೆಲಸದಲ್ಲಿ ಕಸಬುದಾರರ ಜಗಳ ಶುರುವಾಗುವುದು ಸರದಿ ತಪ್ಪಿದಾಗ. ಗಿಲಾವ ಮುಗಿದ ಮೇಲೆ ಎಲೆಕ್ಟ್ರಿಶಿಯನ್ ಬಂದು ಗೋಡೆ ಕೊರೆಯುತ್ತಾನೆ, ಟೈಲ್ಸ್ ಕೂತ ಮೇಲೆ ಪ್ಲಂಬರ್ ಬಂದು ಒಡೆಯುತ್ತಾನೆ, ಪೇಂಟರ್ ಎಲ್ಲರ ತೇಪೆಯ ಮೇಲೆ ಪುಟ್ಟಿ ಮೆತ್ತುತ್ತಾನೆ. ಮೂವರದೂ ತಪ್ಪಿಲ್ಲ. ಅವರನ್ನು ಒಂದು ದಿನ ಒಟ್ಟಿಗೆ ಕೂರಿಸಿ ಮಾತಾಡಿಸದ ಮನೆಯವರದು ತಪ್ಪು. ಒಳ್ಳೆಯ ಗಿಲಾವದವರು ಹಿಂದಿನ ಸಂಜೆಯೇ ಗೋಡೆ ತೋಯಿಸುತ್ತಾರೆ, ಕಾಂಕ್ರೀಟಿನ ಕಂಬ ಮತ್ತು ಇಟ್ಟಿಗೆ ಸೇರುವ ಸಂದಿಗೆ ತಂತಿಯ ಜಾಳಿಗೆ ಬಡಿಯುತ್ತಾರೆ. ಎರಡೂ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಜಾಳಿಗೆ ಇಲ್ಲದಿದ್ದರೆ ಅಲ್ಲಿ ನೆಟ್ಟಗೆ ಬಿರುಕು ಬರುತ್ತದೆ. ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಕಾಯುವವನೇ ಒಳ್ಳೆಯ ಪ್ಲಂಬರ್. ಟೈಲ್ಸ್ ಮುಗಿದ ಮೇಲೆ ಕರಣಿಯ ಹಿಡಿಕೆಯಿಂದ ಒಂದೊಂದನ್ನೂ ತಟ್ಟಿ ಪೊಳ್ಳು ಸದ್ದು ಬಂದದ್ದನ್ನು ತಾನೇ ಕಿತ್ತು ಮತ್ತೆ ಕೂರಿಸುವ ಟೈಲ್ಸ್ ಕೆಲಸದವರನ್ನು ನೋಡಿದ್ದೇನೆ. ಅಂಥವರು ಸಿಕ್ಕರೆ ಕೇಳಿದಷ್ಟು ಕೊಡಿ.

ತಿಕೋಟಾ ಕಡೆಗೆ ಹೋದರೆ ಇನ್ನೊಂದು ಕಸಬಿನ ಮಾತು ಬರುತ್ತದೆ. ಈ ಭಾಗ ದ್ರಾಕ್ಷಿಯ ಸೀಮೆ. ಹಸಿ ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡುವ ಶೆಡ್ಡುಗಳು ರಸ್ತೆಯ ಎರಡೂ ಬದಿ ಕಾಣುತ್ತವೆ. ಕಬ್ಬಿಣದ ಚೌಕಟ್ಟು, ಅದರಲ್ಲಿ ಅಂತಸ್ತು ಅಂತಸ್ತಾಗಿ ಬಿಗಿದ ಬಲೆ, ಮೇಲೆ ತಗಡು, ಬದಿಗೆ ನೆರಳಿನ ಬಟ್ಟೆ. ದ್ರಾಕ್ಷಿಗೆ ಗಾಳಿ ಆಡಬೇಕು, ನೇರ ಬಿಸಿಲು ತಾಗಬಾರದು. ಇದನ್ನು ಕಟ್ಟುವವರು ವೆಲ್ಡರುಗಳು. ಗಾಳಿಯ ದಿಕ್ಕು ನೋಡಿ ಶೆಡ್ಡಿನ ಮುಖ ಇಡುವುದು, ತುಂಬಿದ ದ್ರಾಕ್ಷಿಯ ಭಾರಕ್ಕೆ ಬಲೆ ಜೋತುಬೀಳದಂತೆ ತಂತಿ ಎಳೆಯುವುದು, ಮುಂಗಾರಿನ ಮೊದಲ ಬಿರುಗಾಳಿಗೆ ತಗಡು ಹಾರದಂತೆ ಬುಡ ಹೂಳುವುದು ಅನುಭವದಿಂದ ಬಂದ ವಿದ್ಯೆ. ಇದಕ್ಕೆ ಪಠ್ಯಪುಸ್ತಕ ಇಲ್ಲ, ರೈತನೂ ವೆಲ್ಡರೂ ಕೂಡಿ ಕಂಡುಕೊಂಡದ್ದು. ಕಣ್ಣಿಗೆ ಕನ್ನಡಿ ಹಿಡಿಯದೆ ಬೆಸುಗೆ ಹಾಕುವ ಹುಡುಗರನ್ನು ಇಲ್ಲಿ ಇನ್ನೂ ಕಾಣುತ್ತೇವೆ. ರಾತ್ರಿ ಕಣ್ಣಲ್ಲಿ ಉಸುಕು ಬಿದ್ದಂತೆ ಉರಿ ಏಳುತ್ತದೆ. ಅಂಗಡಿಯ ಯಜಮಾನರು ಕನ್ನಡಿ ಕೊಟ್ಟ ಮೇಲೆಯೇ ಹೋಲ್ಡರ್ ಕೊಡಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಈ ಕಸಬಿನಲ್ಲಿ ಹೆಣ್ಣುಮಕ್ಕಳು ಅರ್ಧ ಭಾರ ಹೊರುತ್ತಾರೆ. ಉಸುಕು ಸೋಸುವುದು, ಮಾಲು ಕಲಸುವುದು, ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವುದು, ಗೋಡೆಗೆ ನೀರು ಹೊಡೆಯುವುದು. ಹಳ್ಳಿಗಳಿಂದ, ತಾಂಡಾಗಳಿಂದ ಬರುವ ಈ ತಾಯಂದಿರು ಕೂಸನ್ನು ಜೋಳಿಗೆಯಲ್ಲಿ ಮಲಗಿಸಿ ಕೆಲಸ ಮಾಡುತ್ತಾರೆ. ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು, ಚಾವಣಿಯ ಗಿಲಾವಕ್ಕೆ ಒಂದಕ್ಕೆ ನಾಲ್ಕು ಎಂಬ ಹದ ಅವರ ಸಲಿಕೆಗೆ ಗೊತ್ತು. ಒಬ್ಬಾಕೆಯನ್ನು ಕೇಳಿದೆ, ಕರಣಿ ಹಿಡಿಯಲು ಬರುತ್ತದೆಯೇ ಎಂದು. "ಬರ್ತೈತ್ರಿ. ಅವ್ರು ಊಟಕ್ಕ ಹ್ವಾದಾಗ ನಾಕು ಇಟ್ಟಂಗಿ ಇಟ್ಟೀನ್ರಿ. ಓಳಂಬ ಹಿಡಿದ ನೋಡಿದ್ರು, ಏನೂ ಅನ್ನಲಿಲ್ರಿ," ಅಂದಳು. ಓಳಂಬಕ್ಕೆ ಸರಿ ಬಂದ ಆ ಇಟ್ಟಿಗೆಗಳು ಗೋಡೆಯಲ್ಲಿ ಉಳಿದವು, ಆಕೆ ಮಾತ್ರ ಹೆಣ್ಣಾಳಾಗಿಯೇ ಉಳಿದಳು. ಪಗಾರವೂ ಹೆಣ್ಣಾಳಿನದೇ. ಜಾರ್ಖಂಡದಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟುವ ಕಾಲಕ್ಕೆ ಸಾವಿರಾರು ಹೆಂಗಸರಿಗೆ ಗೌಂಡಿ ಕೆಲಸ ಕಲಿಸಿದರು. ರಾಣಿ ಮಿಸ್ತ್ರಿ ಎಂದು ಅವರನ್ನು ಕರೆದರು. ಕೇರಳದ ಕುಟುಂಬಶ್ರೀ ಗುಂಪುಗಳ ಹೆಂಗಸರು ಪೂರ್ತಿ ಮನೆಗಳನ್ನೇ ಕಟ್ಟಿದ್ದಾರೆ. ರಾಣಿ ಚಾಂದಬೀಬಿಯ ಹೆಸರು ಹೇಳಿ ಹೆಮ್ಮೆ ಪಡುವ ಊರು ನಮ್ಮದು. ಇಲ್ಲಿ ಹೆಣ್ಣುಮಗಳು ಕರಣಿ ಹಿಡಿದರೆ ಯಾರಿಗೂ ಅಡ್ಡಿ ಇರಬಾರದು.

ನಮ್ಮ ಸೀಮೆಯ ಕಟ್ಟಡ ಕೆಲಸದವರು ಸುಗ್ಗಿ ಮುಗಿದ ಮೇಲೆ ಗೋವಾಕ್ಕೆ, ಪುಣೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಗೋವಾದ ಕಟ್ಟಡಗಳಲ್ಲಿ ನಮ್ಮ ಜಿಲ್ಲೆಯ ಮಾತು ಕೇಳದ ಜಾಗ ಕಡಿಮೆ. ಅಲ್ಲಿ ಟೈಲ್ಸ್, ಸೆಂಟ್ರಿಂಗ್, ಬಾರ್ ಬೆಂಡಿಂಗ್ ಕಲಿತು ಕುಶಲರಾದವರು ಊರಿಗೆ ಬಂದಾಗ ಮತ್ತೆ ಕೂಲಿಯವರೇ. ಅವರ ಕೈಯಲ್ಲಿ ಕಾಗದವಿಲ್ಲ. ಸರಕಾರಿ ಐಟಿಐಗಳಲ್ಲಿ ಎಲೆಕ್ಟ್ರಿಶಿಯನ್ ಎರಡು ವರ್ಷ, ವೆಲ್ಡರ್, ಪ್ಲಂಬರ್, ಬಡಗಿ ಕೆಲಸ ಒಂದೊಂದು ವರ್ಷದ ತರಬೇತಿ ಎಂದು ನಿಗದಿಯಾಗಿದೆ. ಎಲೆಕ್ಟ್ರಿಶಿಯನ್ ಸೀಟಿಗೆ ನೂಕುನುಗ್ಗಲು, ಗೌಂಡಿ ಕೆಲಸ ಕಲಿಯಲು ಬರುವವರಿಲ್ಲ. ಆ ಕೆಲಸವನ್ನು ಅಪ್ಪನ ಹಿಂದೆ ಹೋಗಿ ಕಲಿಯುವುದೇ ರೂಢಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಗೌಂಡಿ, ಬಡಿಗೇರ, ಕಂಬಾರ, ಕಲ್ಲುಕುಟಿಗರು ಇದ್ದಾರೆ. ತರಬೇತಿಯ ದಿನಗಳಿಗೆ ತಲಾ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಸಾಲ. ಪ್ಲಂಬರ್, ಟೈಲ್ಸ್ ನವರು, ಪೇಂಟರ್, ವೆಲ್ಡರ್ ಅದರಲ್ಲಿಲ್ಲ. ಮನೆಗೆ ಬೇಕಾದ ಕಸಬುಗಳಲ್ಲಿ ಅರ್ಧ ಹೊರಗುಳಿದವು. ಇದನ್ನು ವಿಸ್ತರಿಸಬೇಕು ಎಂದು ಕೇಳುವ ಹಕ್ಕು ನಮಗಿದೆ.

ಹೊರಗುಳಿದವರಿಗೂ ಸಿಗುವ ಒಂದು ಆಸರೆ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ. ನಿರ್ಮಾಣ ವೆಚ್ಚದ ಮೇಲಿನ ಶೇಕಡಾ 1ರ ಸುಂಕ ಇದರ ಬಂಡವಾಳ. ಮಕ್ಕಳ ಓದಿಗೆ, ಮದುವೆಗೆ, ಹೆರಿಗೆಗೆ, ಅಪಘಾತಕ್ಕೆ, ವಯಸ್ಸಾದ ಮೇಲಿನ ಪಿಂಚಣಿಗೆ ನೆರವು ಇಲ್ಲಿಂದ ಬರುತ್ತದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ಆ 90 ದಿನಕ್ಕೆ ದೃಢೀಕರಣ ಬೇಕು. ಒಂದೊಂದು ವಾರ ಒಂದೊಂದು ಮನೆಯಲ್ಲಿ ದುಡಿಯುವವರು ಅಲ್ಲಿಯೇ ಸೋಲುತ್ತಾರೆ. ನಿಮ್ಮ ಮನೆಯ ಕೆಲಸ ನಡೆಯುತ್ತಿದ್ದರೆ ಒಂದು ವಹಿ ಇಡಿ. ಯಾರು, ಯಾವ ಕೆಲಸ, ಎಷ್ಟು ದಿನ ಎಂದು ಬರೆಯಿರಿ. ಗೌಂಡಿಯ ಹೆಸರಿನ ಕೆಳಗೆ ಮಾಲು ಕಲಸಿದ ಹೆಣ್ಣುಮಕ್ಕಳ ಹೆಸರನ್ನೂ ಪೂರ್ತಿಯಾಗಿ, ಊರಿನ ಹೆಸರಿನೊಂದಿಗೆ ಬರೆಯಿರಿ. ಅವರು ಕೇಳಲು ಬರುವವರೆಗೆ ಕಾಯದೆ ಸಹಿ ಮಾಡಿ ಕೊಟ್ಟುಬಿಡಿ.